ದಂಡಿಗೆ ಹೋದವನ ಮನೆಯಾಕೆಯ ಕಾಗದ

ನಮ್ಮ ದೇಶದ ಹಲವು ಹಳ್ಳಿಗಳಲ್ಲಿ ಒಂದು ಚಿಕ್ಕ ಕಲ್ಲಿನ ಫಲಕವು ಕಾಣಸಿಗುವದು. ಮೊದಲನೆಯ ಮಹಾಯುದ್ಧಕ್ಕೆ ಈ ಊರಿನಿಂದ ಇಷ್ಟು ಜನ ಹೋದರು, ಅವರೊಳಗೆ ಇಷ್ಟು ಜನ ಪ್ರಾಣವನ್ನೊಪ್ಪಿಸಿದರು ಎಂದು ಅದರ ಮೇಲೆ ಕೊರೆದಿರುವದು. ಅವರಿಗಾಗಿ ಮನೆಯಲ್ಲಿ ಕಾದು ಕುಳಿತವರು ಎಷ್ಟು ಜನರೆಂಬ ಎಣಿಕೆ ಅಲ್ಲಿ ಇಲ್ಲ. ಅವರ ವಿಷಯವಾಗಿ ಕೆಲವು ಮಾತುಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪಾಲಕರ ಮುಂದೆ ಇಡಬಯಸುತ್ತೇವೆ.

ನಮ್ಮ ಬೀಳಗಿಯು ಆ ಕಾಲಕ್ಕೆ ವಿಜಾಪುರ ಜಿಲ್ಲೆಯಲ್ಲಿದ್ದು ಮುಂಬಯಿ ಇಲಾಖೆಗೆ ಸೇರಿದ್ದಿತು. ಆ ಇಲಾಖೆಯ ಮರಾಠಾ ಪಲ್ಟಣಗಳು ಕಡಲು ದಾಟಿ ಮೆಸೊಪೊಟೇಮಿಯಾಕ್ಕೆ, ಅಂದರೆ ಈಗಿನ ಇರಾಕಿಗೆ ಹೋದವು. 103ನೆಯ ಮತ್ತು 110ನೆಯ ಮರಾಠಾ ಪಲ್ಟಣಗಳು ಕೂಟ್ ಎಂಬ ಊರಿನಲ್ಲಿ 1915ರ ಡಿಸೆಂಬರಿನಿಂದ ಮುತ್ತಿಗೆಯಲ್ಲಿ ಸಿಕ್ಕಿ, ಹಸಿವೆಯಿಂದ ಸೊರಗಿ, 1916ರ ಎಪ್ರಿಲ್ 29ರಂದು ತುರ್ಕರ ಕೈಸೆರೆಯಾದವು. ಸೆರೆ ಹೋದವರಲ್ಲಿ ಬಹಳ ಜನ ತಿರುಗಿ ಬರಲಿಲ್ಲ. ಅವರ ಮನೆಯ ಹೆಣ್ಣುಮಗಳು ಪ್ರತಿದಿನ ಕನ್ನಡಿಯ ಮುಂದೆ ನಿಂತು ಹಣೆಗೆ ಕುಂಕುಮವನ್ನು ಇಟ್ಟುಕೊಳ್ಳುವಾಗ, ಇದು ತನಗಿನ್ನೂ ಸಲ್ಲುವದೋ ಇಲ್ಲವೋ ಎಂದು ಅರಿಯದೆ ಇಟ್ಟುಕೊಂಡಳಲ್ಲವೆ? ಇದನ್ನು ನೆನೆದರೆ ನಮಗೆ ಮುತ್ತಿಗೆಯ ಹಸಿವೆಗಿಂತ ಈ ಹಸಿವೆಯೇನೂ ಕಡಿಮೆಯದೆಂದು ತೋರುವದಿಲ್ಲ.

ಕಾಗದ ಬರೆಯಬಾರದಾಗಿತ್ತೆ ಎಂದು ನಮ್ಮ ಇಂದಿನ ಹುಡುಗಿಯರು ಕೇಳಿಯಾರು. 1911ರ ಜನಗಣತಿಯಲ್ಲಿ ಹಿಂದೂಸ್ಥಾನದ ಸಾವಿರ ಹೆಂಗಸರಲ್ಲಿ ಅಕ್ಷರ ಬಲ್ಲವರು ಸುಮಾರು ಹತ್ತೇ ಜನ. ಆಕೆಯು ಸಾಲೆಯ ಮಾಸ್ತರರನ್ನೋ ಟಪ್ಪಾಲಿನವನನ್ನೋ ಬೇಡಿಕೊಂಡು ಬರೆಸಬೇಕು. ಬಾಗಿಲ ಮರೆಯಲ್ಲಿ ನಿಂತು, ಅತ್ತೆ ಮಾವಂದಿರು ಕೇಳುತ್ತಿರಲು, ಆಕೆ ಏನನ್ನು ತಾನೆ ಬರೆಸಿಯಾಳು? ಉಭಯ ಕುಶಲೋಪರಿ, ಎತ್ತು ಆರಾಮವಾಗಿದೆ, ಹಿಂಗಾರಿ ಮಳೆ ತಡವಾಯಿತು, ಹಣ ಮುಟ್ಟಿತು. ಮುಂದೆ ಆ ಕಾಗದವನ್ನು ಸರಕಾರದ ಪರೀಕ್ಷಕರು ಒಡೆದು ಓದುವ ಸಂಭವವುಂಟು. 1914ರಲ್ಲಿ ಫ್ರಾನ್ಸಿಗೆ ಹೋದ ನಮ್ಮ ಸಿಪಾಯಿಗಳ ಟಪ್ಪಾಲನ್ನು ಹೀಗೆಯೇ ಪರೀಕ್ಷಿಸುತ್ತಿದ್ದರು. ಅವರು ಬರೆದುಕೊಂಡ ಭಾಗಗಳು ಇಂದಿಗೂ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿ ಇವೆ. ಕೊನೆಗೆ ಗಂಡನಿಗೂ ಓದು ಬಾರದಿದ್ದರೆ ಜೊತೆಗಾರನೊಬ್ಬನು ಓದಿ ಹೇಳಬೇಕು. ಹೆಂಡತಿಯ ಒಂದು ಮಾತಿಗೆ ಮೂವರು ಪರಪುರುಷರು ಕಿವಿಯಾದ ಮೇಲೆ ಅದರಲ್ಲಿ ಹೆಂಡತಿಯ ಮಾತೆಂಬದು ಏನು ಉಳಿಯುವದು?

ಹಾಗಾದರೆ ಆ ಹಂಬಲವು ಎಲ್ಲಿ ಹೋಯಿತು? ಬೀಸುವ ಕಲ್ಲಿಗೆ ಹೋಯಿತು. ಕೋಳಿ ಕೂಗುವ ಹೊತ್ತಿಗೆ ಎದ್ದು ಜೋಳ ಬೀಸುತ್ತ ಹಾಡಿದ ತ್ರಿಪದಿಗಳನ್ನು ನಮ್ಮ ವಿಜಾಪುರದ ಸೀಮೆಯವರೇ ಆದ ಹಲಸಂಗಿಯ ಗೆಳೆಯರು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದ್ದು ವಾಚಕರಿಗೆ ಗೊತ್ತಿರುವದು. ಅಕ್ಷರವರಿಯದ ಈ ತಾಯಂದಿರಿಗೆ ಹೇಳುವ ಶಕ್ತಿ ಇರಲಿಲ್ಲವೆಂದು ಯಾರೂ ಎನ್ನಲಾರರು. ಹೇಳಿದ್ದು ಮುಟ್ಟಬೇಕಾದವನಿಗೆ ಮುಟ್ಟಲಿಲ್ಲ, ಅಷ್ಟೆ.

ಹೆಣ್ಣುಮಕ್ಕಳಿಗೆ ಬರೆಯಲು ಕಲಿಸಿದರೆ ಅವರು ಕದ್ದು ಓಲೆ ಬರೆದಾರೆಂದು ಹಿಂದಿನ ಕಾಲದ ಹಿರಿಯರು ಹೆದರುತ್ತಿದ್ದರು. ಓದಲು ಕಲಿಸಿರಿ, ಬರೆಯಲು ಬೇಡ, ಎಂದವರೂ ಇದ್ದರು. ಗಂಡನಿಗೆ ಬರೆಯಲು ಬಾರದೆ ಹೋದ ಕಾಗದಗಳ ಲೆಕ್ಕವನ್ನು ಮಾತ್ರ ಆ ಹಿರಿಯರು ಇಡಲಿಲ್ಲ!

ಈಗ ಕಿಸೆಯಲ್ಲಿ ದೂರವಾಣಿ ಇರುವಾಗ ಈ ಚಿಂತೆ ಏತಕ್ಕೆಂದು ಪಾಲಕರು ಅಂದಾರು. ನಮ್ಮ ಸಾಲೆಯಲ್ಲಿ ಕಲಿತ ಒಬ್ಬ ಹುಡುಗಿಯ ಗಂಡನು ಉತ್ತರದ ಗಡಿಯಲ್ಲಿ ಇದ್ದಾನೆ. ಆಕೆಯನ್ನು ನೋಡಲು ಹೋದ ದಿನವೇ ಆತನ ಕರೆ ಬಂದಿತು. ಎಲ್ಲರಿಗೂ ಕೇಳಲೆಂದು ಮೊಬೈಲನ್ನು ನಡುಮನೆಯಲ್ಲಿ ಇಟ್ಟರು. ಅತ್ತೆ ಮಾತಾಡಿದರು, ಮಾವ ಮಾತಾಡಿದರು, ಮೈದುನನು ಹೊಲದ ಸುದ್ದಿ ಹೇಳಿದನು, ಕೂಸು ಕಿರುಚಿತು. ಕಡೆಗೆ ಆಕೆಯ ಸರದಿ. "ಊಟ ಆತೇನ್ರಿ? ಥಂಡಿ ಭಾಳ ಐತೇನ್ರಿ?" ಎಂದಳು. ಅಷ್ಟರಲ್ಲಿ ಕರೆ ತುಂಡಾಯಿತು. ನೂರು ವರುಷಗಳ ಹಿಂದೆ ಬಾಗಿಲ ಮರೆಯಲ್ಲಿ ನಿಂತವಳಿಗೂ ಈಕೆಗೂ ಎಷ್ಟು ಅಂತರವೆಂದು ನಾವು ದಾರಿಯುದ್ದಕ್ಕೂ ವಿಚಾರಿಸಿದೆವು. ಮನೆಯವರು ಕೆಟ್ಟವರಲ್ಲ; ಅವರಿಗೂ ಆತನೇ ಮಗ. ವೀರಪತ್ನಿಯೆಂದು ಆಕೆಯನ್ನು ಊರೆಲ್ಲ ಹೊಗಳುವದು, ಸಭೆಯಲ್ಲಿ ಶಾಲು ಹೊದಿಸುವದು. ಆದರೆ ವೀರಪತ್ನಿಯಾದವಳು ಹಂಬಲಿಸಕೂಡದೆಂದು ಆ ಶಾಲಿನೊಳಗೆ ಒಂದು ಅಪ್ಪಣೆಯೂ ಸುತ್ತಿರುವದೆಂದು ನಮಗೆ ಅನಿಸುವದು. ಗಂಡನನ್ನು ನೆನೆದು ಅಳುವದು ಅಧೈರ್ಯವಲ್ಲ.

ಆದಕಾರಣ ಕಾಗದ ಬರೆಯುವ ಪಾಠವನ್ನು ನಾವು ಬಿಟ್ಟುಕೊಟ್ಟಿಲ್ಲ. ಪರೀಕ್ಷೆಯ ಅಂಕಗಳಿಗಾಗಿ ಅಲ್ಲ. ಸೈನಿಕನ ನಂಬರು, ಹೆಸರು, ಪಲ್ಟಣ, ಕೊನೆಗೆ 56 ಎ.ಪಿ.ಒ. ಇಲ್ಲವೆ 99 ಎ.ಪಿ.ಒ., ಇಷ್ಟು ಬರೆದರೆ ಊರಿನ ಹೆಸರಿಲ್ಲದೆಯೂ ಸೈನ್ಯದ ಟಪ್ಪಾಲು ಅದನ್ನು ಮುಟ್ಟಿಸುವದು. ಪಾಲಕರಲ್ಲಿ ನಮ್ಮ ಬಿನ್ನಹವಿಷ್ಟೆ: ಸೊಸೆಗೆ ವಾರದಲ್ಲಿ ಅರ್ಧ ತಾಸು ಒಂಟಿಯಾಗಿ ಕೂಡ್ರಲು ಬಿಡಿರಿ, ಆಕೆಗೆ ಬಂದ ಕಾಗದವನ್ನು ಆಕೆಯೇ ಒಡೆಯಲಿ.

ಅದೇ ಹುಡುಗಿ ಕಳೆದ ದಸರೆಗೆ ನಮ್ಮಲ್ಲಿಗೆ ಬಂದಿದ್ದಳು. "ಅಕ್ಕಾವ್ರ, ನಾಕು ಪುಟ ಬರದು ಹಾಕೀನ್ರಿ" ಎಂದು ನಕ್ಕಳು. ಏನು ಬರೆದಿದ್ದಳೆಂದು ನಾವು ಕೇಳಲಿಲ್ಲ.