ತಾತಯ್ಯನ ಹಾಡು ತೆಲುಗಾ, ಕನ್ನಡಾನಾ?

ಮೊನ್ನೆ ಶಿಡ್ಲಘಟ್ಟದ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಅವ್ವನ ಭಜನೆ ನೋಟ್‌ಬುಕ್ ಸಿಕ್ಕಿತು. (ನಮ್ಮ ಮನೇಲಿ ಅಜ್ಜಿಗೆ ಅವ್ವ ಅಂತಾರೆ.) ಅಕ್ಷರವೆಲ್ಲ ದುಂಡನೆಯ ಕನ್ನಡ. ಓದಿದರೆ ಮಾತು ತೆಲುಗು! ಎಲ್ಲವೂ ಕೈವಾರದ ತಾತಯ್ಯನ ಕೀರ್ತನೆಗಳು.

ಗೊತ್ತಿಲ್ಲದವರಿಗೆ ಎರಡು ಮಾತು. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಬಳೆ ಮಾರಿಕೊಂಡಿದ್ದವರು ನಾರಾಯಣಪ್ಪ. 1726ರಲ್ಲಿ ಹುಟ್ಟಿ 1836ರವರೆಗೆ, ಅಂದರೆ 110 ವರ್ಷ ಬದುಕಿದ್ದರು ಅಂತ ಭಕ್ತರ ನಂಬಿಕೆ. ಗುರು ಕೊಟ್ಟ ಬೆಣಚುಕಲ್ಲನ್ನು ಬಾಯಲ್ಲಿಟ್ಟುಕೊಂಡು ಗವಿಯಲ್ಲಿ ತಪಸ್ಸಿಗೆ ಕೂತರು, ಆ ಕಲ್ಲು ಕಲ್ಲುಸಕ್ಕರೆಯಾಯ್ತು ಅನ್ನೋ ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. 'ಅಮರನಾರೇಯಣ' ಅಂಕಿತದಲ್ಲಿ ತೆಲುಗು, ಕನ್ನಡ ಎರಡರಲ್ಲೂ ಹಾಡಿದರು. ಈಗ ಹೊರಗಿನವರಿಗೆ ಅವರ ಕಾಲಜ್ಞಾನ ಮಾತ್ರ ಬೇಕು, ಹಾಡುಗಳು ಬೇಡ!

ನೋಟ್‌ಬುಕ್ ನೋಡಿದ ಗೆಳೆಯನೊಬ್ಬ ಕೇಳಿದ: "ಹಾಗಾದ್ರೆ ನೀನು ಕನ್ನಡದವನಲ್ವಾ?" ತಮಾಷೆಗೇ ಕೇಳಿದ್ದು. ಆದರೂ ಚುಚ್ಚಿತು.

ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಅವರನ್ನು ಯಾರೂ ಹೀಗೆ ಕೇಳೋದಿಲ್ಲ. ಅವರು ಬರೆದದ್ದು ಕನ್ನಡದಲ್ಲಿ ತಾನೇ ಅಂತೀರಿ. ಸರಿ. ಗಡಿಯಲ್ಲಿ ಕನ್ನಡ ಸೊರಗುತ್ತೆ ಅನ್ನೋ ಭಯ ನನಗೂ ಇದೆ. ಗೌರಿಬಿದನೂರು ದಾಟಿದರೆ ಹಿಂದೂಪುರ, ಅಲ್ಲಿ ಬೋರ್ಡೂ ತೆಲುಗು. ಆದರೆ ಒಂದು ವಿಷಯ ಗಮನಿಸಿ. ಶಾಲೆ ಮೆಟ್ಟಿಲು ಹತ್ತದ ನಮ್ಮವ್ವ ಕನ್ನಡ ಅಕ್ಷರ ಕಲಿತದ್ದೇ ತಾತಯ್ಯನ ತೆಲುಗು ಹಾಡು ಬರೆದುಕೊಳ್ಳೋಕೆ! ಆಮೇಲೆ ಅದೇ ಅಕ್ಷರದಲ್ಲಿ ದಾಸರ ಪದ ಓದಿದಳು, ಪೇಪರ್ ಓದಿದಳು. ತೆಲುಗು ಅವಳ ಕನ್ನಡಕ್ಕೆ ಬಾಗಿಲು ತೆಗೆಯಿತೇ ಹೊರತು ಅಡ್ಡ ಬರಲಿಲ್ಲ.

ಅದಕ್ಕೇ ನನ್ನ ವಾದ ಇಷ್ಟೆ. ತಾತಯ್ಯನ ತೆಲುಗು ಕೀರ್ತನೆಗಳೂ ಈ ನೆಲದ ಸಾಹಿತ್ಯವೇ. ತೆಲುಗಿನವರು ಕರ್ನಾಟಕದವರೆಂದು, ನಾವು ತೆಲುಗೆಂದು ಬಿಟ್ಟರೆ ಅವು ಯಾರ ಮನೆಗೆ ಹೋಗಬೇಕು?

ಗುರುಪೂರ್ಣಿಮೆಗೆ ಕೈವಾರದಲ್ಲಿ ಸಂಗೀತೋತ್ಸವ ನಡೆಯುತ್ತೆ, ದೊಡ್ಡ ಗಾಯಕರು ಬರುತ್ತಾರೆ. ಸಂತೋಷ. ನನ್ನ ಚಿಂತೆ ಹಳ್ಳಿ ಭಜನೆಮನೆಯದು. ಪುಸ್ತಕದಲ್ಲಿ ಪದ ಉಳಿಯುತ್ತೆ, ಧಾಟಿ ಉಳಿಯಲ್ಲ. ಅವ್ವ ಹೋಗಿ ಆರು ವರ್ಷವಾಯ್ತು. ಅವಳ ನೋಟ್‌ಬುಕ್ಕಿನ ಅರ್ಧ ಪದ ನನಗೆ ಅರ್ಥವಾಗಲಿಲ್ಲ. ನನ್ನ ಮಗಳಿಗಂತೂ ಒಂದೂ ಇಲ್ಲ.

ಸದ್ಯಕ್ಕೆ ಅಮ್ಮನನ್ನು ಕೂರಿಸಿಕೊಂಡು ದಿನಕ್ಕೊಂದು ಹಾಡು ಮೊಬೈಲಿನಲ್ಲಿ ರೆಕಾರ್ಡ್ ಮಾಡ್ತಿದ್ದೇನೆ. ಕೆಳಗೆ ಕನ್ನಡದಲ್ಲಿ ಅರ್ಥ ಬರೀತಿದ್ದೇನೆ. ಹನ್ನೊಂದು ಹಾಡು ಆಗಿದೆ. ಎರಡಕ್ಕೆ ಅಮ್ಮನಿಗೂ ಧಾಟಿ ನೆನಪಿಲ್ಲ.

ಚಿಂತಾಮಣಿ, ಚಿಕ್ಕಬಳ್ಳಾಪುರ ಕಡೆಯ ಬ್ಲಾಗ್ ಮಿತ್ರರೇ, ನಿಮ್ಮ ಅಟ್ಟದ ಮೇಲೂ ಇಂಥ ನೋಟ್‌ಬುಕ್ ಇದೆಯಾ? ಹಾಡೋಕೆ ಬರೋ ಅಜ್ಜಿ ಇದ್ದಾರಾ? ಇದ್ದರೆ ಈ ಭಾನುವಾರವೇ ಕೂತು ಕೇಳಿ. ಆಮೇಲೆ ನನಗೂ ತಿಳಿಸಿ.