ಹಿಡಿದ ರೊಕ್ಕ ಎಲ್ಲಿ ಇಟ್ಟಾರ್ರಿ?
(ಯಾದಗಿರಿ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ)

ಮಾನ್ಯ ಜಿಲ್ಲಾಧಿಕಾರಿಗಳೇ,



ನಮ್ಮ ಕಡೆ ಪಗಾರದಲ್ಲಿ ಪಿ.ಎಫ್. (ಭವಿಷ್ಯ ನಿಧಿ) ಕಡಿತವಾಯಿತು ಎಂದು ಯಾರೂ ಅನ್ನುವುದಿಲ್ಲ, 'ಪಿ.ಎಫ್. ಹಿಡಿದಾರ' ಅನ್ನುತ್ತಾರೆ. ಹಿಡಿದದ್ದು ಎಂದರೆ ಕೈಯಲ್ಲಿ ಜೋಪಾನವಾಗಿ ಇಟ್ಟುಕೊಂಡದ್ದು, ನಾಳೆ ಕೇಳಿದರೆ ತಿರುಗಿ ಕೊಡಬೇಕಾದದ್ದು. ಕಲಬುರಗಿಯ ಎಂ.ಎಸ್.ಕೆ. ಮಿಲ್ಲಿನಲ್ಲಿ ದುಡಿದ ನಮ್ಮ ಹಿರಿಯರು ಈ ಮಾತನ್ನು ಇದೇ ಅರ್ಥದಲ್ಲಿ ಆಡುತ್ತಿದ್ದರು. ಮಿಲ್ಲು ನಿಂತಿತು, ಸೈರನ್ನು ನಿಂತಿತು. ಹಿಡಿದ ರೊಕ್ಕ ಮಾತ್ರ ಬಂತು. ನಮ್ಮ ದೊಡ್ಡಪ್ಪನ ಮನೆಯ ಮಾಳಿಗೆ ಎದ್ದದ್ದು ಆ ರೊಕ್ಕದಲ್ಲಿ.

ಮೈಲಾಪುರ ಜಾತ್ರೆ ಮುಗಿದ ವಾರ ಒಬ್ಬ ಹೆಣ್ಣುಮಗಳು ನಮ್ಮ ಮನೆಗೆ ಬಂದಳು. ಸರ್ಕಾರಿ ವಸತಿನಿಲಯವೊಂದರಲ್ಲಿ ಹೊರಗುತ್ತಿಗೆಯ ಮೇಲೆ ಅಡುಗೆ ಮಾಡುತ್ತಾಳೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಗುತ್ತಿಗೆದಾರನ ಕಡೆಯವರು ಬರೆದುಕೊಟ್ಟ ಒಂದು ಚೀಟಿ. 'ಕಾಕಾ, ಮೂರು ವರ್ಷ ಆತು ಪಿ.ಎಫ್. ಹಿಡಿಯಾಕ ಹತ್ಯಾರ. ಹಿಡಿದ ರೊಕ್ಕ ಎಲ್ಲಿ ಇಟ್ಟಾರ ನೋಡಿ ಹೇಳ್ರಿ' ಎಂದಳು.

ನಾನು ಇಡೀ ಆಯುಷ್ಯ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕಳೆದವನು. 2012ರಲ್ಲಿ ಭವಿಷ್ಯ ನಿಧಿಯ ಲೆಕ್ಕ ಕಂಪ್ಯೂಟರಿಗೆ ಬರುವ ಮುಂಚೆ ವರ್ಷಕ್ಕೊಮ್ಮೆ ಪ್ರತಿ ಕಾರ್ಮಿಕನಿಗೂ 3ಎ ನಮೂನೆ ಬರೆದು, ಎಲ್ಲರದ್ದೂ ಕೂಡಿಸಿ 6ಎ ಬರೆದು, ಒಂದು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಹತ್ತರವರೆಗೆ ಕೂತು ಹುಡುಕಿದ್ದೇನೆ. ಆದ್ದರಿಂದ ಆಕೆಯ ಚೀಟಿ ನೋಡುತ್ತಲೇ ಎದೆ ಧಸಕ್ಕೆಂದಿತು. ಪಗಾರ 14,000, ಪಿ.ಎಫ್. 3,500, ಕೈಗೆ 10,500 ಎಂದಿತ್ತು.

ಆ 3,500 ಹೇಗೆ ತಪ್ಪೆಂದು ಹೇಳುವ ಮೊದಲು ಸರಿಯಾದ ಲೆಕ್ಕ ಬರೆಯುತ್ತೇನೆ. ತಮಗೆ ಇದು ಹೊಸದಲ್ಲ. ಆದರೆ ಈ ಪತ್ರವನ್ನು ಆಕೆಯಂಥವರೂ ಓದಿಸಿಕೊಂಡು ಕೇಳುತ್ತಾರೆ.

ಪಿ.ಎಫ್. ಲೆಕ್ಕ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಮೊತ್ತದ ಮೇಲೆ ನಡೆಯುತ್ತದೆ. ಮನೆ ಬಾಡಿಗೆ ಭತ್ಯೆ, ಓವರ್‌ಟೈಮು, ಬೋನಸ್ಸು ಇದರಲ್ಲಿ ಸೇರುವುದಿಲ್ಲ. ಆಕೆಯದು ಎರಡೂ ಸೇರಿ 14,000 ಎಂದುಕೊಳ್ಳೋಣ. ಅದರ ನೂರಕ್ಕೆ 12 ಎಂದರೆ 1,680 ರೂಪಾಯಿ. ಆಕೆಯ ಪಗಾರದಲ್ಲಿ ಹಿಡಿಯಬೇಕಾದದ್ದು ಇಷ್ಟೇ. ಕೆಲಸ ಕೊಟ್ಟವನು ತನ್ನ ಕಿಸೆಯಿಂದ ಮತ್ತೊಂದು 1,680 ಹಾಕಬೇಕು. ಆ ಎರಡನೆಯ 1,680 ಮಾತ್ರ ಇಬ್ಭಾಗವಾಗುತ್ತದೆ. ನೂರಕ್ಕೆ 8.33ರಂತೆ 1,166 ರೂಪಾಯಿ 1995ರ ಪಿಂಚಣಿ ಯೋಜನೆಗೆ ಹೋಗುತ್ತದೆ, ಉಳಿದ 514 ಆಕೆಯ ಪಿ.ಎಫ್. ಖಾತೆಗೇ ಸೇರುತ್ತದೆ. ಹೀಗೆ ತಿಂಗಳಿಗೆ ಖಾತೆಯಲ್ಲಿ ಕೂಡಬೇಕಾದದ್ದು 1,680 ಮತ್ತು 514, ಒಟ್ಟು 2,194. ವರ್ಷಕ್ಕೆ 26,328. ಅದರ ಮೇಲೆ ಬಡ್ಡಿ ಬೇರೆ. 2024-25ನೇ ಸಾಲಿಗೆ ಅದು ಶೇಕಡಾ 8.25 ಇತ್ತು. ಇದಲ್ಲದೆ ವಿಮೆಗೆ ಶೇಕಡಾ ಅರ್ಧ, ಆಡಳಿತ ವೆಚ್ಚಕ್ಕೆ ಶೇಕಡಾ ಅರ್ಧ, ತಲಾ 70 ರೂಪಾಯಿ, ಅದೂ ಕೆಲಸ ಕೊಟ್ಟವನದೇ ಖರ್ಚು. ಅಂದರೆ ಆಕೆಯದು ನೂರಕ್ಕೆ 12, ಅವನದು ನೂರಕ್ಕೆ 13.

ಪಗಾರ 15,000 ದಾಟಿದವರಿಗೆ ಕೆಲಸ ಕೊಟ್ಟವನು 15,000ದ ಮೇಲಷ್ಟೇ ಲೆಕ್ಕ ಹಾಕಿ 1,800ಕ್ಕೆ ನಿಲ್ಲಿಸಬಹುದು. ಆ ಮಿತಿ 2014ರ ಸೆಪ್ಟೆಂಬರ್ 1ರಂದು 6,500ರಿಂದ 15,000ಕ್ಕೆ ಏರಿದ್ದು. ಹೊಸ ಮಿತಿ ತರುವುದು ದಿಲ್ಲಿಯವರ ಕೆಲಸ, ಅದನ್ನು ತಮ್ಮಲ್ಲಿ ಕೇಳುವುದಿಲ್ಲ.

ಈಗ ಆಕೆಯ 3,500ಕ್ಕೆ ಬರುತ್ತೇನೆ. 14,000ಕ್ಕೆ ನೂರಕ್ಕೆ 25. ತನ್ನ ಪಾಲು 1,680 ಮಾತ್ರವಲ್ಲ, ಗುತ್ತಿಗೆದಾರನ ಪಾಲು 1,820ನ್ನೂ ಆಕೆಯ ಪಗಾರದಲ್ಲೇ ಹಿಡಿದಿದ್ದಾರೆ! ಮಾಲೀಕನ ಪಾಲನ್ನು ಕಾರ್ಮಿಕನ ಪಗಾರದಲ್ಲಿ ಮುರಿದುಕೊಳ್ಳಬಾರದು, ಮೊದಲೇ ಕರಾರು ಬರೆಸಿಕೊಂಡಿದ್ದರೂ ಕೂಡದು ಎಂದು 1952ರ ಭವಿಷ್ಯ ನಿಧಿ ಯೋಜನೆಯ 31ನೇ ಪ್ಯಾರಾ ಹೇಳುತ್ತದೆ. ಅಷ್ಟೇ ಅಲ್ಲ. ಹೊರಗುತ್ತಿಗೆಯ ಟೆಂಡರಿನಲ್ಲಿ ಪಗಾರದ ಜೊತೆಗೆ ಮಾಲೀಕನ ಪಾಲಿನ ಪಿ.ಎಫ್., ಇ.ಎಸ್.ಐ., ಸೇವಾ ಶುಲ್ಕ ಎಲ್ಲ ಸೇರಿಸಿ ಸರ್ಕಾರವೇ ಬಿಲ್ಲು ಪಾವತಿಸುತ್ತದೆ. ಆ 1,820ನ್ನು ಒಮ್ಮೆ ಖಜಾನೆ ಕೊಟ್ಟಿದೆ, ಇನ್ನೊಮ್ಮೆ ಒಲೆಯ ಮುಂದೆ ಕೂತವಳು ಕೊಟ್ಟಿದ್ದಾಳೆ.

ಎರಡು ಸಲ ಕೊಟ್ಟ ಹಣ ಒಂದು ಸಲವಾದರೂ ಖಾತೆ ಸೇರಿದೆಯೇ ಎಂದು ನೋಡಲು ಹೊರಟೆವು. ಆಕೆಯ ಪಿ.ಎಫ್. ಖಾತೆಯ ಯು.ಎ.ಎನ್. ನಂಬರಿಗೆ ಜೋಡಿಸಿದ್ದ ಮೊಬೈಲ್ ಆಕೆಯದಲ್ಲ, ಗುತ್ತಿಗೆದಾರನ ಕಡೆಯ ಹುಡುಗನದು. ಇದು ಆಕೆಯೊಬ್ಬಳ ಕಥೆಯಲ್ಲ. ನನ್ನ ಹತ್ತಿರ ಬಂದವರಲ್ಲಿ ಹಲವರ ಖಾತೆಯ ಬೀಗದಕೈ ಹೀಗೆ ಬೇರೆಯವರ ಕಿಸೆಯಲ್ಲಿತ್ತು. ನಮ್ಮ ಹೆಸರುಗಳೂ ತೊಡಕೇ. ಆಧಾರಿನಲ್ಲಿ ಹಣಮಂತ, ಪಿ.ಎಫ್.ನಲ್ಲಿ ಹನುಮಂತ, ಒಂದರಲ್ಲಿ ದೇವಿಂದ್ರಪ್ಪ, ಇನ್ನೊಂದರಲ್ಲಿ ದೇವೇಂದ್ರಪ್ಪ. ಒಂದಕ್ಷರ ಹೆಚ್ಚುಕಡಿಮೆಯಾದರೆ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಗುಳೆ ಹೋಗಿ ಐದು ವರ್ಷ ದುಡಿದ ಹಣ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ನಂಬರು ಬದಲಾಗಿ ಪಿ.ಎಫ್. ಪಾಸ್‌ಬುಕ್ಕು ತೆರೆಯಲು ಎರಡು ವಾರ ಹಿಡಿಯಿತು. ತೆರೆದು ನೋಡಿದರೆ 36 ತಿಂಗಳಲ್ಲಿ 22 ತಿಂಗಳಷ್ಟೇ ಹಣ ಬಿದ್ದಿದೆ. ಬಿದ್ದ ತಿಂಗಳುಗಳಲ್ಲೂ ಪಗಾರ 7,000 ಎಂದಿದೆ. ಆಕೆಯದು 840, ಮಾಲೀಕನದು 257, ಪಿಂಚಣಿಗೆ 583. ಸೇವಾ ವಿವರದಲ್ಲಿ ಎನ್.ಸಿ.ಪಿ. ದಿನಗಳು ಎಂಬ ಕಾಲಮ್ಮಿದೆ. ಪಗಾರವಿಲ್ಲದ, ವಂತಿಗೆ ಕಟ್ಟಬೇಕಿಲ್ಲದ ದಿನಗಳು ಎಂದು ಅರ್ಥ. ಅಲ್ಲಿ ತಿಂಗಳು ತಿಂಗಳೂ 15 ಎಂದು ಬರೆದಿದ್ದಾರೆ. ಅರ್ಧ ತಿಂಗಳು ಕೆಲಸಕ್ಕೇ ಬಂದಿಲ್ಲವಂತೆ! ಆ ವಸತಿನಿಲಯದ ಮಕ್ಕಳು ಮೂವತ್ತೂ ದಿನ ಉಂಡಿದ್ದಾರೆ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ರಾತ್ರಿ ರೊಟ್ಟಿ ಪಲ್ಯ ಆಕೆಯೇ ಮಾಡಿ ಬಡಿಸಿದ್ದಾಳೆ. ಹಾಜರಿ ಪುಸ್ತಕದಲ್ಲಿ ಆಕೆಯ ಸಹಿ ಇದೆ. ಹಾಜರಿ ಪುಸ್ತಕಕ್ಕೂ ಪಿ.ಎಫ್. ಪಟ್ಟಿಗೂ ಯಾರೂ ತಾಳೆ ನೋಡಿಲ್ಲ, ಅಷ್ಟೇ.

ತಿಂಗಳಿಗೆ 3,500 ಹಿಡಿದವರು ಕಟ್ಟಿದ ತಿಂಗಳುಗಳಲ್ಲೂ ವಿಮೆ, ಆಡಳಿತ ವೆಚ್ಚ ಸೇರಿ ಕಟ್ಟಿದ್ದು 1,750. ಕಟ್ಟದ 14 ತಿಂಗಳದ್ದು ಪೂರ್ತಿ ಅವರ ಬಳಿಯೇ ಉಳಿಯಿತು. ಕೂಡಿಸಿದರೆ 87,500 ರೂಪಾಯಿ. ಇದು ಆಕೆಯ ಪಗಾರದಲ್ಲಿ ಹಿಡಿದು ಕಟ್ಟದೆ ಬಿಟ್ಟದ್ದು ಮಾತ್ರ. ಸರ್ಕಾರ ಬಿಲ್ಲಿನಲ್ಲಿ ಕೊಟ್ಟ ಪಾಲನ್ನು ನಾನು ಇಲ್ಲಿ ಸೇರಿಸಿಲ್ಲ.

ಈ ಹಣ ಹೋದರೆ ಬರೀ ಹಣ ಹೋಗುವುದಿಲ್ಲ. ಕೊನೆಯ 60 ತಿಂಗಳ ಸರಾಸರಿ ಪಗಾರವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ಬರುವುದೇ ಪಿಂಚಣಿ. 14,000 ಪಗಾರ, 15 ವರ್ಷ ಸೇವೆ ಎಂದರೆ ತಿಂಗಳಿಗೆ 3,000. ಪಿಂಚಣಿ ಸಿಗಬೇಕಾದರೆ ಸೇವೆ 10 ವರ್ಷ ತುಂಬಬೇಕು. ಕಟ್ಟದ ತಿಂಗಳು, ಬಾರದ ದಿನವೆಂದು ಬರೆದ ದಿನ, ಎಲ್ಲ ಆ ಲೆಕ್ಕದಿಂದ ಉದುರುತ್ತ ಹೋದರೆ ಮುಪ್ಪಿನಲ್ಲಿ ಆಕೆಯ ಕೈಗೆ ಏನು ಉಳಿಯುತ್ತದೆ? ಇನ್ನು ವಿಮೆ. ವರ್ಷವಿಡೀ ಸತತ ಸೇವೆಯಲ್ಲಿದ್ದು ಕೆಲಸದಲ್ಲಿರುವಾಗಲೇ ತೀರಿಕೊಂಡವರ ಮನೆಯವರಿಗೆ ಕನಿಷ್ಠ 2.5 ಲಕ್ಷ, ಗರಿಷ್ಠ 7 ಲಕ್ಷ ರೂಪಾಯಿ ಸಿಗುತ್ತದೆ. ತಾನು ಇಂಥದೊಂದು ವಿಮೆಗೆ ಒಳಪಟ್ಟಿದ್ದೇನೆಂದು ಆಕೆಗೆ ಗೊತ್ತಾದದ್ದೇ ಅವತ್ತು, ನಮ್ಮ ಪಡಸಾಲೆಯಲ್ಲಿ ಕೂತಾಗ.

ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಹಿಡಿದ ನಮ್ಮ ಹುಡುಗರೂ ತಿಳಿದಿರಬೇಕಾದ ಮಾತೊಂದಿದೆ. ಎಲ್ಲರಿಗೂ ಒಂದೇ ರೀತಿ, ತಿಂಗಳು ತಿಂಗಳೂ ಕೊಡುವ 'ವಿಶೇಷ ಭತ್ಯೆ' ಮೂಲ ವೇತನದ ಭಾಗವೇ, ಅದರ ಮೇಲೂ ಪಿ.ಎಫ್. ಕಟ್ಟಬೇಕು ಎಂದು ಸುಪ್ರೀಂ ಕೋರ್ಟು 2019ರ ಫೆಬ್ರುವರಿ 28ರಂದು ಪಶ್ಚಿಮ ಬಂಗಾಳದ ವಿವೇಕಾನಂದ ವಿದ್ಯಾಮಂದಿರದ ಪ್ರಕರಣದಲ್ಲಿ ಹೇಳಿತು. ಅದೇ ವರ್ಷದ ವೇತನ ಸಂಹಿತೆ, ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ ಮೀರಿದ್ದನ್ನು ವೇತನಕ್ಕೇ ಸೇರಿಸಬೇಕೆಂದಿತು. ಪಗಾರವನ್ನು ಹತ್ತು ಹೆಸರಿನ ಚೂರು ಮಾಡಿ ಪಿ.ಎಫ್. ತಗ್ಗಿಸುವವರಿಗೆ ಇದು ತಡೆ. ಹೀಗೆ ಪಿ.ಎಫ್. ತಗ್ಗಿ ಈ ತಿಂಗಳ ಕೈಪಗಾರ ನಾಲ್ಕು ನೂರು ಹೆಚ್ಚು ಬಂತೆಂದು ಹುಡುಗರು ಖುಷಿಪಡುತ್ತಾರೆ. ಮಾಲೀಕ ಹಾಕಬೇಕಾದ ಅಷ್ಟೇ ಹಣ ತಪ್ಪಿಹೋಯಿತೆಂದು ಅವರಿಗೆ ತಿಳಿಸಿ ಹೇಳುವವರಿಲ್ಲ.

ಇದೆಲ್ಲ ಭವಿಷ್ಯ ನಿಧಿ ಕಚೇರಿಗೆ ಬರೆಯಬೇಕಾದದ್ದಲ್ಲವೇ ಎಂದು ತಾವು ಕೇಳಬಹುದು. ಅಲ್ಲಿಗೂ ದೂರು ಹೋಗಿದೆ. ಅವರು ವಿಚಾರಣೆ ನಡೆಸಬಹುದು, ಬಾಕಿಗೆ ವರ್ಷಕ್ಕೆ ಶೇಕಡಾ 12ರ ಬಡ್ಡಿ ಹಾಕಿ ವಸೂಲಿ ಮಾಡಬಹುದು. ಪಗಾರದಲ್ಲಿ ಹಿಡಿದು ಕಟ್ಟದಿರುವುದನ್ನು ಭಾರತೀಯ ನ್ಯಾಯ ಸಂಹಿತೆ ಬರೀ ಬಾಕಿ ಎನ್ನುವುದಿಲ್ಲ, ನಂಬಿಕೆದ್ರೋಹ ಎನ್ನುತ್ತದೆ. ಆದರೆ ಅದೆಲ್ಲ ಕಳವಾದ ಮೇಲಿನ ಕೆಲಸ. ಕಳವಾಗುವ ಮೊದಲೇ ತಡೆಯುವ ಅಧಿಕಾರ ಇರುವುದು ಬಿಲ್ಲಿಗೆ ಸಹಿ ಹಾಕುವವರಿಗೆ. ಗುತ್ತಿಗೆದಾರನ ಮೂಲಕ ದುಡಿಸಿಕೊಂಡರೂ ವಂತಿಗೆಯ ಹೊಣೆ ಪ್ರಧಾನ ಉದ್ಯೋಗದಾತನದು ಎಂದು ಅದೇ ಯೋಜನೆಯ 30ನೇ ಪ್ಯಾರಾ ಹೇಳುತ್ತದೆ. ವಸತಿನಿಲಯ, ಆಸ್ಪತ್ರೆ, ಕಚೇರಿಗಳಲ್ಲಿ ಪ್ರಧಾನ ಉದ್ಯೋಗದಾತ ಇಲಾಖೆಯೇ. ಜಿಲ್ಲೆಯಲ್ಲಿ ಆ ಇಲಾಖೆಗಳನ್ನೆಲ್ಲ ಒಂದು ಸಭೆಯಲ್ಲಿ ಕೂರಿಸಿ ಕೇಳಬಲ್ಲವರು ತಾವು.

(ಬಿಸಿಯೂಟದ ಅಡುಗೆಯವರು, ಅಂಗನವಾಡಿಯವರ ಮಾತು ನಾನಿಲ್ಲಿ ಎತ್ತಿಲ್ಲ. ಅವರಿಗೆ ಕೊಡುವುದನ್ನು ಗೌರವಧನ ಎಂದು ಕರೆದು ಈ ಲೆಕ್ಕದಿಂದಲೇ ಹೊರಗಿಟ್ಟಿದ್ದಾರೆ. ಅದು ಅನ್ಯಾಯ. ಆದರೆ ಅದಕ್ಕೆ ಬೇರೆಯೇ ಪತ್ರ ಬೇಕು.)

ನಾನು ಕೇಳುವುದು ಹೊಸ ಕಾನೂನಲ್ಲ. ಗುತ್ತಿಗೆದಾರನ ಪ್ರತಿ ತಿಂಗಳ ಬಿಲ್ಲಿನ ಜೊತೆ ಹಿಂದಿನ ತಿಂಗಳ ಪಿ.ಎಫ್. ಚಲನ್ನು ಮಾತ್ರ ಸಾಲದು. ಚಲನ್ನಿನಲ್ಲಿ ಒಟ್ಟು ಮೊತ್ತ ಇರುತ್ತದೆ, ಬೇರೆ ಊರಿನ ಬೇರೆ ಕೆಲಸದವರದ್ದನ್ನೂ ಅದರಲ್ಲಿ ತೋರಿಸಿಬಿಡಬಹುದು. ಒಬ್ಬೊಬ್ಬರ ಹೆಸರು, ಪಗಾರ, ಎನ್.ಸಿ.ಪಿ. ದಿನ ಇರುವ ಇ.ಸಿ.ಆರ್. ಪಟ್ಟಿ ಬೇಕು. ಅದನ್ನು ಹಾಜರಿ ಪುಸ್ತಕದ ಪಕ್ಕ ಇಟ್ಟು ತಾಳೆ ನೋಡಿದ ಮೇಲೆಯೇ ಬಿಲ್ಲು ಪಾಸಾಗಲಿ. ಐವತ್ತು ಜನರ ಪಟ್ಟಿಗೆ ಒಬ್ಬ ಗುಮಾಸ್ತನಿಗೆ ಒಂದು ತಾಸು ಸಾಕು, ನಾನು ಮಾಡಿದ ಕೆಲಸ, ಅಂದಾಜಿನ ಮಾತಲ್ಲ. ಹೆಸರುಗಳನ್ನು ಬಿಟ್ಟು ಉಳಿದ ಲೆಕ್ಕವನ್ನು, ಪಗಾರ ಇಷ್ಟು, ನಿಮ್ಮಿಂದ ಹಿಡಿದದ್ದು ಇಷ್ಟು, ಗುತ್ತಿಗೆದಾರ ಹಾಕಬೇಕಾದದ್ದು ಇಷ್ಟು ಎಂದು ಕನ್ನಡದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಲಿ. ಅದರ ಕೆಳಗೆ ಇನ್ನೆರಡು ಸಾಲು ಇರಲಿ: ಯು.ಎ.ಎನ್.ಗೆ ಜೋಡಿಸಿದ ನಿಮ್ಮ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಖಾತೆಯ ಮೊತ್ತ ತಿಳಿಯುತ್ತದೆ, ಖರ್ಚಿಲ್ಲ.

ನಮ್ಮ ಕಲ್ಯಾಣ ಕರ್ನಾಟಕದ್ದೇ ಬೀದರ್ ಜಿಲ್ಲೆಯಲ್ಲಿ ಗುತ್ತಿಗೆದಾರನ ಜಾಗದಲ್ಲಿ ಕಾರ್ಮಿಕ ಸೇವೆಗಳ ಸಹಕಾರ ಸಂಘವನ್ನು ನಿಲ್ಲಿಸಿ, ಜಿಲ್ಲಾಡಳಿತದ ಉಸ್ತುವಾರಿಯಲ್ಲಿ ಪಗಾರ ಕೊಡುವ ದಾರಿ ಕಂಡುಕೊಂಡಿದ್ದಾರೆ. ರಾಜ್ಯದ ವಸತಿನಿಲಯಗಳ ಹೊರಗುತ್ತಿಗೆ ನೌಕರರು ಅದನ್ನೇ 'ಬೀದರ್ ಮಾದರಿ' ಎಂದು ಕರೆದು ಎಲ್ಲ ಜಿಲ್ಲೆಗಳಲ್ಲೂ ಕೇಳುತ್ತಿದ್ದಾರೆ. ನಮ್ಮ ಯಾದಗಿರಿ ಜಿಲ್ಲೆ ಎಲ್ಲ ಪಟ್ಟಿಗಳಲ್ಲೂ ಹಿಂದುಳಿದದ್ದೆಂದು ಅನ್ನಿಸಿಕೊಂಡದ್ದು ಸಾಕು, ಇದರಲ್ಲಿ ನಾವು ಮುಂದೆ ಹೋಗಬಹುದು.

ಭವಿಷ್ಯ ನಿಧಿ ಸಂಸ್ಥೆ ಪ್ರತಿ ತಿಂಗಳ 27ರಂದು ಜಿಲ್ಲೆ ಜಿಲ್ಲೆಯಲ್ಲೂ 'ನಿಧಿ ಆಪ್ಕೆ ನಿಕಟ್' ಎಂಬ ಶಿಬಿರ ನಡೆಸುತ್ತದೆ. ಆ ಹಿಂದಿ ಹೆಸರು ಕೇಳಿ, ಇದು ತನ್ನ ಪಿ.ಎಫ್.ಗೆ ಸಂಬಂಧಿಸಿದ್ದೆಂದು ನಮ್ಮ ಓಣಿಯಲ್ಲಿ ಯಾರಿಗೂ ಹೊಳೆದಿಲ್ಲ. ಆ ಶಿಬಿರವನ್ನು ಒಂದು ಸಲ ನಮ್ಮ ರಾಮಸಮುದ್ರದಲ್ಲಿ ನಡೆಸಲು ಅವರನ್ನು ಕರೆಸಿರಿ. ಹಿಂದಿನ ದಿನ ಡಂಗುರ ಹೊಡೆಸುವ ಕೆಲಸ ನಮಗಿರಲಿ. ಆಧಾರ್, ಬ್ಯಾಂಕ್ ಪಾಸ್‌ಬುಕ್ಕು, ಪಗಾರದ ಚೀಟಿ ಹಿಡಿದುಕೊಂಡು ಜನ ಸಾಲುಗಟ್ಟುತ್ತಾರೆ. ತಾವೂ ಅರ್ಧ ತಾಸು ಬಂದು ಕೂರಬೇಕು, ಸಾಲಿನಲ್ಲಿ ಮೊದಲು ನಿಂತವರ ಪಿ.ಎಫ್. ಪಾಸ್‌ಬುಕ್ಕನ್ನು ತಾವೇ ತೆರೆಸಿ ನೋಡಬೇಕು ಎಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ರಾಮಸಮುದ್ರದ ಒಬ್ಬ ನಿವೃತ್ತ ಲೆಕ್ಕದ ಗುಮಾಸ್ತ