ಗುಳೆ ಹೋದವರು ಮರಳಿದರೆ ಸುದ್ದಿಯೇ?

ಬೆಂಗಳೂರಿನ ಬಾಡಿಗೆ ತಾಳಲಾರದೆ ಯುವಜನ ಊರಿಗೆ ಮರಳುತ್ತಿದ್ದಾರೆ ಎಂಬ ಬರಹಗಳು ಈಚೆಗೆ ಹೆಚ್ಚಾಗಿವೆ. ಅವುಗಳಲ್ಲಿ ಲ್ಯಾಪ್‌ಟಾಪ್ ಇರುತ್ತದೆ, ತೋಟದ ಮನೆ ಇರುತ್ತದೆ, ಅವ್ವನ ಕೈಯಡುಗೆ ಇರುತ್ತದೆ. ಕೊಪ್ಪಳದವನಾದ ನನಗೆ ಅಲ್ಲಿ ನಮ್ಮವರು ಯಾರೂ ಕಾಣುವುದಿಲ್ಲ.

ಹೊಟ್ಟೆಪಾಡಿಗೆ ಊರು ಬಿಡುವುದಕ್ಕೆ ನಮ್ಮಲ್ಲಿ ಗುಳೆ ಎನ್ನುತ್ತಾರೆ. ಕುಷ್ಟಗಿ, ಯಲಬುರ್ಗಾದ ಮಳೆ ನಂಬಿದ ಹೊಲದವರು ಸುಗ್ಗಿ ಮುಗಿಸಿ ಬೆಂಗಳೂರು, ಮಂಗಳೂರು, ಗೋವಾ ಹಿಡಿಯುತ್ತಾರೆ. ಮುಂಗಾರಿಗೆ ಬರುತ್ತಾರೆ, ಮತ್ತೆ ಹೋಗುತ್ತಾರೆ. ‘ದುಡಿಯಾಕ ಹೋಗ್ಯಾರ’ ಎಂದಷ್ಟೇ ಹೇಳಿ ಮುದುಕರು ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಗಂಗಾವತಿಯ ಮಾತು ಬೇರೆ. ಅಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ಇದೆ, ಭತ್ತ ಇದೆ, ರೈಸ್‌ಮಿಲ್ಲುಗಳಿವೆ. ‘ಊರಿಗೆ ಮರಳಿ’ ಎನ್ನುವವರು ಯಾವ ಊರಿಗೆ ಎಂಬುದನ್ನು ಮೊದಲು ಹೇಳಲಿ.

ನಗರಕ್ಕೆ ಇವರು ಕಂಡದ್ದು ಹೊರಟು ನಿಂತಾಗ ಮಾತ್ರ. 2020ರ ಮೇ ಮೊದಲ ವಾರ ಮೆಜೆಸ್ಟಿಕ್‌ನಲ್ಲಿ ಉತ್ತರ ಕರ್ನಾಟಕದ ಕೂಲಿಕಾರರು ಗಂಟುಮೂಟೆ, ಕೂಸುಗಳ ಸಮೇತ ನಿಂತರು. ಮೊದಲು ದುಬಾರಿ ಟಿಕೆಟ್. ಗದ್ದಲವಾದ ಮೇಲೆ ಉಚಿತ ಬಸ್ಸು. ಅದೇ ವಾರ ಬಿಲ್ಡರುಗಳೊಂದಿಗೆ ಸಭೆ ನಡೆಸಿದ ಸರ್ಕಾರ ಹೊರರಾಜ್ಯದ ಕಾರ್ಮಿಕರ ರೈಲುಗಳನ್ನೇ ರದ್ದು ಮಾಡಿತು. ಟೀಕೆ ಜೋರಾದಾಗ ಮತ್ತೆ ಬಿಟ್ಟಿತು. ಬಾ ಎಂದವರೂ ಅವರೇ, ಹೋಗಬೇಡ ಎಂದವರೂ ಅವರೇ. ಇರಲು ಒಂದು ಮನೆ ಕೊಡಿ ಎಂದರೆ ಮಾತ್ರ ಯಾರೂ ಇಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಎನ್ನುತ್ತದೆ. ಬೆಂಗಳೂರಿನಲ್ಲಿ ಹತ್ತು ತಿಂಗಳದ್ದು ಕೇಳಿದರೂ ಯಾರೂ ಹುಬ್ಬೇರಿಸುವುದಿಲ್ಲ. ತಗಡಿನ ಶೆಡ್ಡಿನವನಿಗೆ ಆ ಲೆಕ್ಕವೂ ಬೇಡ. ಕಟ್ಟಡ ಮುಗಿದರೆ ಶೆಡ್ಡೂ ಮುಗಿಯಿತು.

ಓದಿದವರ ಪಾಡು ಬೇರೆಯೇನಲ್ಲ. 371(ಜೆ) ಮೀಸಲಾತಿ ಕೊಟ್ಟಿದೆ, ನಿಜ. ಆದರೆ ಹುದ್ದೆ ತುಂಬಬೇಕಲ್ಲ? ಅಧಿಸೂಚನೆ ಕಾಯುತ್ತ ಧಾರವಾಡದ ರೂಮುಗಳಲ್ಲಿ ವಯಸ್ಸು ಕಳೆಯುತ್ತಿರುವ ನನ್ನ ಓರಗೆಯವರನ್ನು ಕೇಳಿ. ನಮಗೂ ಒಂದು ವಿಶ್ವವಿದ್ಯಾಲಯ ಬಂತು, 2023ರಲ್ಲಿ. ಎರಡೇ ವರ್ಷಕ್ಕೆ, ಮುಚ್ಚಬೇಕಾದ ಒಂಬತ್ತರ ಪಟ್ಟಿಯಲ್ಲಿ ಅದರ ಹೆಸರೂ ಸೇರಿತು. 2025ರ ಮೇನಲ್ಲಿ ಕುಷ್ಟಗಿಗೆ ಮೊದಲ ರೈಲು ಬಂದಾಗ ಜನ ಹೂವು ಹಾಕಿ ಸಂಭ್ರಮಿಸಿದರು, ನಾನೂ ಖುಷಿಪಟ್ಟೆ. ಆ ರೈಲಿಳಿದು ಬರುವ ಇಪ್ಪತ್ತೈದರ ಹುಡುಗ ಇಲ್ಲಿ ಯಾವ ಕೆಲಸಕ್ಕೆ ಸೇರಬೇಕು? ಮರಳುವ ಸೊಬಗನ್ನು ಬರೆಯುವವರು ಇದನ್ನು ನಮ್ಮ ಶಾಸಕರಿಗೆ ಕೇಳಲಿ.